ನೀರು ತಿರುಗುವ ಹೊತ್ತು

"ಬೆಳಿಗ್ಗೆ ಆರಕ್ಕೆಲ್ಲ ಬಂದುಬಿಡ್ತೇನೆ" ಎಂದಿದ್ದೆ ಫೋನಿನಲ್ಲಿ. ಗಾಳ ಹಾಕುವುದೆಂದರೆ ನಸುಕಿನ ಕೆಲಸ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಮಲೆನಾಡಿನ ಹಳ್ಳದ ದಂಡೆಯಲ್ಲಿ, ಎರೆಹುಳು ಸಿಕ್ಕಿಸಿದ ಬಿದಿರುಕೋಲು ಹಿಡಿದು ಕಲಿತ ಬಾಲ್ಯದ ವಿದ್ಯೆ ಅಷ್ಟೇ. ಆ ಕಡೆ ದೋಣಿಯ ಹುಡುಗ ನಕ್ಕ. "ಆರಕ್ಕೆ ಬಂದು ಎಂತ ಮಾಡ್ತ್ರಿ ಸರ್, ಕೆಸರು ನೋಡುಕೆ? ನೀರು ಪೂರಾ ಇಳಿದಿರ್ತದೆ. ಒಂಬತ್ತೂವರೆಗೆ ಬನ್ನಿ. ಟೊಪ್ಪಿ ತನ್ನಿ."

ಅಮಾವಾಸ್ಯೆ ಕಳೆದು ಎರಡನೆಯ ದಿನ. ಈ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ನಡುಹಗಲಿಗೆ ಸ್ವಲ್ಪ ಮುಂಚೆ ಸಮುದ್ರ ತುಂಬಿ ನಿಲ್ಲುತ್ತದೆ. ಆಮೇಲೆ ದಿನಕ್ಕೆ ಐವತ್ತು ನಿಮಿಷದ ಲೆಕ್ಕದಲ್ಲಿ ತಡವಾಗುತ್ತ ಹೋಗುತ್ತದೆ. ಹಾಗಾಗಿ ಆ ದಿನ ಭರತಿ ಮುಟ್ಟುವುದು ಹನ್ನೆರಡೂವರೆಯ ಸುಮಾರಿಗೆ. ಹುಡುಗ ಇದನ್ನು ಮೊಬೈಲಿನಲ್ಲಿ ನೋಡಿ ಹೇಳಿದ್ದ. ಅವನ ಮಾವ ಏನನ್ನೂ ನೋಡದೆ ಹೇಳಿದ್ದರಂತೆ. ಇಬ್ಬರ ಲೆಕ್ಕಕ್ಕೂ ಹತ್ತು ನಿಮಿಷದ ವ್ಯತ್ಯಾಸ. ಯಾರದು ಸರಿ ಎಂಬ ತಕರಾರು ದೋಣಿ ಬಿಡುವಾಗಲೂ ಮುಗಿದಿರಲಿಲ್ಲ.

ತದಡಿಯ ದಕ್ಕೆಯಲ್ಲಿ ಒಂಬತ್ತೂವರೆಗೆ ಮೀನಿನ ವ್ಯಾಪಾರದ ಗದ್ದಲ ಇಳಿದು, ತೊಳೆದ ನೆಲ ಒಣಗುತ್ತಿತ್ತು. ಎದುರು ದಡದ ಅಘನಾಶಿನಿ ಊರಿಗೆ ಹೋಗುವ ದೋಣಿ ಒಂದು ಬೈಕು, ಎರಡು ಅಕ್ಕಿಮೂಟೆ, ಶಾಲೆಗೆ ತಡವಾದ ಒಬ್ಬ ಹುಡುಗನನ್ನು ಹತ್ತಿಸಿಕೊಂಡು ಹೊರಟಿತು. ನಮ್ಮದು ಅದರ ಮರಿಯಂಥ ಫೈಬರ್ ದೋಣಿ. ಹಿಂದೆ ಪುಟ್ಟ ಎಂಜಿನ್ನು, ಮುಂದೆ ಐಸಿನ ಡಬ್ಬಿ, ಪಕ್ಕದಲ್ಲಿ ಒಂದು ಬಕೆಟ್ಟು. ಅಳಿಯ ನನಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ ಪಟ್ಟಿ ಬಿಗಿದ. ಮಾವ ತಮ್ಮದನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತರು. ಅಳಿಯ ಗದರಿದ ಮೇಲೆ ಒಂದು ತೋಳಿಗೆ ಏರಿಸಿಕೊಂಡರು. ಇನ್ನೊಂದು ತೋಳು ಕೊನೆಯವರೆಗೂ ಖಾಲಿಯೇ ಉಳಿಯಿತು.

ಸಿರ್ಸಿಯ ಕಡೆಯ ಮಲೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಇಲ್ಲಿ ಸಮುದ್ರ ಸೇರುವ ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ. ಆ ಒಂದು ಮಾತನ್ನು ಪರಿಸರದವರ ಭಾಷಣದಲ್ಲಿ ಹಲವು ಸಲ ಕೇಳಿದ್ದೆ. ಅದರ ಅರ್ಥ ಕಂಡದ್ದು ದೋಣಿಯಲ್ಲಿ ಕೂತ ಮೇಲೆ. ಮೇಲಿನಿಂದ ಬರುವ ಸಿಹಿನೀರಿಗೂ ಕೆಳಗಿನಿಂದ ಏರುವ ಉಪ್ಪುನೀರಿಗೂ ಇಲ್ಲಿ ಯಾರ ಗೇಟಿನ ಅಪ್ಪಣೆಯೂ ಬೇಡ. ದಿನಕ್ಕೆರಡು ಸಲ ಅವೇ ಜಗಳವಾಡಿ ಅವೇ ರಾಜಿಯಾಗುತ್ತವೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. "ಬೋರ್ಡು ಬಂತು" ಎಂದಷ್ಟೇ ಹೇಳಿದರು ಮಾವ.

ಏರುತ್ತಿರುವ ನೀರಿನ ಜೊತೆಯಲ್ಲೇ ನಾವೂ ಒಳಕ್ಕೆ ಹೊರಟೆವು. ಎದುರಿನಿಂದ ಬಳಚು ಆರಿಸುವವರು ಮರಳುತ್ತಿದ್ದರು. ನೀರು ಇಳಿದಾಗ ಮರಳ ದಿಬ್ಬಕ್ಕೆ ಹೋಗಿ, ಕಾಲಲ್ಲೇ ತಡಕಿ, ಮುಳುಗಿ ಎತ್ತಿದ ಚಿಪ್ಪುಗಳ ರಾಶಿ ಅವರ ಪಾತಿದೋಣಿಗಳಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತು. ದೋಣಿಯ ಅಂಚು ನೀರಿನಿಂದ ನಾಲ್ಕು ಬೆರಳು ಮೇಲೆ, ಅಷ್ಟೇ. ನಮ್ಮ ಎಂಜಿನ್ನಿನ ಅಲೆ ಅವರಿಗೆ ತಾಗದಿರಲೆಂದು ಅಳಿಯ ವೇಗ ತಗ್ಗಿಸಿದ. ಒಬ್ಬ ಹೆಂಗಸು ಕೂಗಿ ಏನೋ ಕೇಳಿದಳು, ಮಾವ ಏನೋ ಹೇಳಿದರು, ಎರಡೂ ದೋಣಿ ನಕ್ಕವು. ನನ್ನ ಟೊಪ್ಪಿಯ ವಿಚಾರವಿರಬೇಕು.

ಮೊದಲ ಜಾಗ ಒಂದು ಮರಳ ದಿಬ್ಬದ ಅಂಚು. ನನಗೆ ಅಲ್ಲಿ ಕಂಡದ್ದು ನೀರು, ಅದರಾಚೆ ನೀರು. "ಅಲ್ಲಿ ಬಣ್ಣ ನೋಡಿ" ಎಂದರು ಮಾವ. ಕಣ್ಣು ಕಿರಿದಾಗಿಸಿ ನೋಡಿದರೆ, ಹೌದು, ಚಹಾದ ಬಣ್ಣ ಒಂದು ಗೆರೆಯಲ್ಲಿ ಮುಗಿದು ಪಾಚಿ ಹಸಿರು ಶುರುವಾಗುತ್ತಿತ್ತು. ಗೆರೆಯ ಈಚೆ ಮೊಣಕಾಲು ನೀರು, ಆಚೆ ಎರಡಾಳು. ಏರುವ ನೀರು ದಿಬ್ಬದ ಮೇಲಿನ ಹುಳಹುಪ್ಪಟೆಗಳನ್ನು ಎಬ್ಬಿಸುತ್ತದೆ, ಕಾಣೆ ಮೀನು ಆ ಅಂಚಿನಲ್ಲೇ ಮೇಯುತ್ತದೆ.

ಅಳಿಯ ತನ್ನ ಕಾರ್ಬನ್ ರಾಡು, ರೀಲು ಬಿಚ್ಚಲು ಹೊರಟ. ಮಾವ ತಡೆದು ನನ್ನ ಕೈಗೆ ಒಂದು ಹಳೆಯ ನೀರಿನ ಬಾಟಲಿ ಕೊಟ್ಟರು. ಅದರ ನಡುವಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಹುಣಸೆಬೀಜದಷ್ಟು ಸೀಸ, ಅದರಾಚೆ ಉಗುರಿನಷ್ಟು ಗಾಳ. ಶೆಟ್ಲಿಯ, ಅಂದರೆ ಸಿಗಡಿಯ, ತಲೆ ಚಿವುಟಿ, ಸಿಪ್ಪೆ ಸುಲಿದು, ಬಾಲದ ಕಡೆಯಿಂದ ಗಾಳಕ್ಕೆ ಏರಿಸಿದರು. ಮೊನೆ ಹೊರಗೆ ಇಣುಕಬೇಕು, ಆದರೆ ಕಾಣಬಾರದು. ನಾನು ಏರಿಸಿದ್ದು ಮೂರು ಸಲ ಅರ್ಧಕ್ಕೇ ಹರಿಯಿತು. ಅವರ ಬಲಗೈ ತೋರುಬೆರಳಿನ ಮೊದಲ ಗೆಣ್ಣಿನಲ್ಲಿ ಅಡ್ಡಕ್ಕೆ ಒಂದು ಗೀರು ಇತ್ತು, ಬಾವಿಯ ಕಲ್ಲಿನಲ್ಲಿ ಹಗ್ಗದಿಂದ ಬೀಳುವಂಥದ್ದು. ದಾರ ಹೋಗಿ ಕೂರುವುದು ಆ ಗೀರಿನಲ್ಲೇ. ನನ್ನ ಬೆರಳಿನ ಮೇಲೆ ಅದು ಎಲ್ಲೆಂದರಲ್ಲಿ ಜಾರುತ್ತಿತ್ತು.

"ಎಳೀಬೇಡಿ. ಕೇಳಿ."

ಕೇಳುವುದು ಬೆರಳಿನಿಂದ. ಸೀಸ ಮರಳ ಮೇಲೆ ಉರುಳುವುದು ಒಂದು ಬಗೆ, ಚಿಪ್ಪಿಗೆ ತಾಗುವುದು ಇನ್ನೊಂದು, ಏಡಿ ಎರೆಯನ್ನು ಚಿವುಟುವುದು ಮತ್ತೊಂದು. ಇವೆಲ್ಲವನ್ನೂ ನಾನು ಮೀನೆಂದೇ ಎಳೆದೆ. ಕಾಣೆ ಬಂದಾಗ ಮಾತ್ರ ಅನುಮಾನವೇ ಉಳಿಯಲಿಲ್ಲ: ಟಕ್, ಟಕ್, ಬಾಗಿಲು ಬಡಿದ ಹಾಗೆ, ಆಮೇಲೆ ಒಂದೇ ಜಗ್ಗು. ಮೇಲೆ ಬಂದ ಮೀನು ಗೇಣಿಗಿಂತ ಚೂರು ಉದ್ದ, ಮೈಯೆಲ್ಲ ಮರಳಿನದೇ ಬಣ್ಣ, ಹೊಟ್ಟೆ ಬೆಳ್ಳಿ, ಮೂತಿ ಚೂಪು. ಹಲಗೆಯ ಮೇಲೆ ಬಿದ್ದು ಒಮ್ಮೆ ಬಡಿದುಕೊಂಡಿತು. ಕರಾವಳಿಯ ಹೋಟೆಲಿನಲ್ಲಿ ರವೆಯ ಅಂಗಿ ತೊಟ್ಟು ತಟ್ಟೆಯಲ್ಲಿ ಮಲಗಿದ್ದನ್ನು ನೂರು ಸಲ ಕಂಡಿದ್ದೇನೆ. ಕಣ್ಣು ಬಿಟ್ಟದ್ದನ್ನು ಕಂಡದ್ದು ಅದೇ ಮೊದಲು. ಒಂದು ತಾಸಿನಲ್ಲಿ ಮಾವನಿಗೆ ಹನ್ನೊಂದು, ನನಗೆ ನಾಲ್ಕು. ಬಕೆಟ್ಟಿನ ತಳ ಮುಚ್ಚಿತು.

ಅಲ್ಲಿಂದ ಹೊರಡುವ ಮೊದಲು ಮಾವ ಎರಡನೆಯ ಬಾಟಲಿ ತೆಗೆದು, ದಪ್ಪ ದಾರಕ್ಕೆ ಮೀನಿನ ತಲೆಯೊಂದನ್ನು ಕಟ್ಟಿ, ದೋಣಿಯ ಹಿಂಬದಿಯಿಂದ ಇಳಿಬಿಟ್ಟು ಮೊಳೆಗೆ ಸುತ್ತಿದರು. "ಅದು ಎಂತಕೆ?" ಎಂದೆ. "ಇರ್ಲಿ" ಎಂದರು. ದೋಣಿ ನಿಲ್ಲಿಸಿದಾಗೆಲ್ಲ ಅದನ್ನು ಇಳಿಸುವುದು, ಹೊರಡುವಾಗ ಎತ್ತುವುದು ನಡೆದೇ ಇತ್ತು.

ಎರಡನೆಯ ಜಾಗ ಕಾಂಡ್ಲಾ ಗಿಡಗಳ ಬುಡ. ಇದು ಅಳಿಯನ ರಾಜ್ಯ. ಕಾಂಡ್ಲಾದ ಕಮಾನು ಬೇರುಗಳು ನೀರಿಗೆ ಕೈಯೂರಿ ನಿಂತಿರುವಲ್ಲಿ ನೆರಳು ಕಪ್ಪಗಿರುತ್ತದೆ. ಕೆಂಬೇರಿ ಮೀನು ಇರುವುದು ಆ ಕಪ್ಪಿನಲ್ಲಿ. ಅದನ್ನು ಹೊರಗೆ ಕರೆಯಲು ರಬ್ಬರಿನ ಸಿಗಡಿ: ಬಾಲ ಅಲ್ಲಾಡಿಸುತ್ತದೆ, ಒಳಗೆ ಮಿಣುಕು ಚೂರುಗಳಿವೆ, ನಿಜವಾದ ಶೆಟ್ಲಿಗಿಂತ ಚೆಲುವಾಗಿದೆ. ಬೇರಿನಿಂದ ಒಂದು ಅಡಿ ಈಚೆ ಬೀಳಬೇಕು. ಅಳಿಯ ಕೂತಲ್ಲಿಂದಲೇ ಮಣಿಕಟ್ಟು ತಿರುಗಿಸಿದರೆ ಅದು ಹೋಗಿ ಅಲ್ಲೇ ಬೀಳುತ್ತಿತ್ತು, ಸದ್ದಿಲ್ಲದೆ. ನಾನು ಎಸೆದದ್ದು ಮೊದಲು ಎಲೆಗಳ ನಡುವೆ, ಆಮೇಲೆ ಕೊಂಬೆಗೆ, ಆಮೇಲೆ ನನ್ನದೇ ಟೊಪ್ಪಿಗೆ. ಮೂರನೆಯದನ್ನು ಬಿಡಿಸುವಾಗ ಮಾವ ಬೇರೆ ಕಡೆ ನೋಡುತ್ತ ಎಲೆಗೆ ಸುಣ್ಣ ಸವರುತ್ತಿದ್ದರು. ಅದು ಸೌಜನ್ಯ ಎಂದು ತಿಳಿದುಕೊಂಡಿದ್ದೇನೆ.

ಏಳನೆಯದೋ ಎಂಟನೆಯದೋ ಎಸೆತ ಹೇಗೋ ಸರಿಬಿತ್ತು. ಎರಡು ಸುತ್ತು ರೀಲು ತಿರುಗಿಸಿದ್ದೇ ತಡ, ರಾಡು ಬಾಗಿ ನೀರು ಮುಟ್ಟಿತು. ಕೆಂಬೇರಿಗೆ ಆಟವಾಡುವ ಅಭ್ಯಾಸವಿಲ್ಲ. ಕಚ್ಚಿದ ಕ್ಷಣವೇ ಮನೆಗೆ ಓಡುತ್ತದೆ, ಮನೆ ಒಂದೇ ಅಡಿ ದೂರ. "ಹಿಡೀರಿ, ಬಿಡಬೇಡಿ, ಬಿಡಬೇಡಿ!" ಅಳಿಯ ಕೂಗುವಷ್ಟರಲ್ಲಿ ಇಟ್ಟಿಗೆಗೆಂಪಿನ ಪಕ್ಕೆಯೊಂದು ನೀರಿನಡಿ ಮಿಂಚಿ ಮಾಯವಾಯಿತು. ದಾರ ಬೇರಿಗೆ ಸುತ್ತಿ, ಬೇರಿನ ಮೇಲಿನ ಸಿಂಪಿಗೆ ಉಜ್ಜಿ, ಪಟ್ಟೆಂದಿತು. ರಬ್ಬರ್ ಸಿಗಡಿಯ ಬೆಲೆ ಎಷ್ಟು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹನ್ನೆರಡೂವರೆಯ ಹೊತ್ತಿಗೆ ನೀರು ನಿಂತಿತು.

ನಿಲ್ಲುವುದೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಒಳಮುಖವಾಗಿ ಓಡುತ್ತಿದ್ದ ಕಾಂಡ್ಲಾ ಎಲೆ, ನೊರೆ, ಒಂದು ರಬ್ಬರ್ ಚಪ್ಪಲಿ, ಎಲ್ಲವೂ ಇದ್ದಲ್ಲೇ ಇದ್ದವು. ಲಂಗರಿನ ಹಗ್ಗ ಸಡಿಲವಾಗಿ ಜೋತುಬಿತ್ತು. ದೋಣಿಗೆ ಮುಖವೇ ಇಲ್ಲದಂತಾಯಿತು. ಗಾಳಿ ಇನ್ನೂ ಎದ್ದಿರಲಿಲ್ಲ, ಬಿಸಿಲು ನೆತ್ತಿಯ ಮೇಲೆ. ಬೆಳಗಿನಿಂದ ಸುತ್ತುತ್ತಿದ್ದ ಗರುಡವೂ ಹೋಗಿ ಒಂದು ಕಂಬದ ಮೇಲೆ ಕೂತಿತ್ತು. "ಈಗ ಮೀನೂ ತಿನ್ನೂದಿಲ್ಲ. ನಾವು ತಿನ್ನುವ" ಎಂದರು ಮಾವ. ಉಪ್ಪಿಟ್ಟಿನ ಡಬ್ಬಿ ಬಿಚ್ಚಿಕೊಂಡಿತು. ತಕರಾರಿನ ಹತ್ತು ನಿಮಿಷ ಯಾರ ಕಡೆ ಹೋಯಿತೆಂದು ಇಬ್ಬರೂ ಮರೆತಿದ್ದರು, ಅಥವಾ ಸೋತವರು ಮರೆಸಿದ್ದರು.

ಕಾಂಡ್ಲಾ ಬಿಟ್ಟು ಬಂದ ದೋಣಿ ಆಗ ನಿಂತದ್ದು ಒಂದು ಗಜನಿಯ ಕಟ್ಟೆಯ ಹತ್ತಿರ. ಗಜನಿ ಎಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು, ಸಿಗಡಿ, ಮೀನು. ಕಟ್ಟೆಯಲ್ಲಿ ಹಲಗೆಯ ಬಾಗಿಲಿದೆ, ಜಂತ್ರಡಿ ಅನ್ನುತ್ತಾರೆ. ಭರತಿಯಲ್ಲಿ ಅದರೊಳಗೆ ನೀರು ಹೋಗುತ್ತದೆ, ನೀರಿನ ಜೊತೆ ಮರಿಗಳು ಹೋಗುತ್ತವೆ; ಇಳಿತದಲ್ಲಿ ಹೊರಬರುವಾಗ ಬಾಯಿಗೆ ಬಲೆ ಕಟ್ಟುತ್ತಾರೆ. ಕಗ್ಗ ಬೆಳೆಯುವವರು ಕಡಿಮೆಯಾಗಿ, ಎಷ್ಟೋ ಗಜನಿ ವರ್ಷವಿಡೀ ಸಿಗಡಿಗೇ ಉಳಿದಿದೆ. ಮಾವನ ಮನೆಯಲ್ಲೂ ಒಂದು ಕಾಲಕ್ಕೆ ಕಗ್ಗದ ಅಕ್ಕಿಯದೇ ಗಂಜಿ. "ಈಗ ಸೊಸೈಟಿ ಅಕ್ಕಿ. ಬೆಳ್ಳಗೆ ಅದೆ, ಹೊಟ್ಟೆಗೆ ಗೊತ್ತೇ ಆಗೂದಿಲ್ಲ."

ಅವರು ಜಂತ್ರಡಿಯಿಂದ ಐವತ್ತು ಮಾರು ದೂರವೇ ಲಂಗರು ಬಿಟ್ಟಿದ್ದರು. ಇನ್ನೂ ಹತ್ತಿರ ಹೋಗೋಣವೇ ಎಂದೆ. "ಅದು ಹರಾಜಿನ ನೀರು. ದುಡ್ಡು ಕೊಟ್ಟವರು ಬೇರೆ." ನೀರಿನ ಮೇಲೆ ಬೇಲಿಯಿಲ್ಲ, ಗುರುತಿಲ್ಲ. ಆದರೂ ಎಲ್ಲಿಗೆ ನಿಲ್ಲಬೇಕೆಂದು ಇವರಿಗೆ ಗೊತ್ತು.

ಉಪ್ಪಿಟ್ಟು ಮುಗಿಯುವಾಗ ಆ ಚಪ್ಪಲಿ ಅಲ್ಲಾಡಿತು. ಮೊದಲು ತನ್ನ ಸುತ್ತ ತಾನು ತಿರುಗಿತು, ಆಮೇಲೆ ಯೋಚಿಸಿ ನಿರ್ಧರಿಸಿದಂತೆ ಸಮುದ್ರದ ಕಡೆ ಹೊರಟಿತು. ಲಂಗರಿನ ಹಗ್ಗ ಬಿಗಿಯಿತು. ಮಾವ ಡಬ್ಬಿ ಮುಚ್ಚಿ, ಮೊದಲ ಸಲ ದನಿ ತಗ್ಗಿಸಿ, "ಈಗ" ಎಂದರು.

ಜಂತ್ರಡಿಯಿಂದ ಕೆಸರು ನೀರಿನ ನಾಲಗೆಯೊಂದು ಅಳಿವೆಯೊಳಕ್ಕೆ ಚಾಚುತ್ತ ಬಂತು. ಅದರ ಅಂಚಿನಲ್ಲಿ ಸಣ್ಣ ಮೀನುಗಳು ಮಳೆಹನಿಯಂತೆ ಪಟಪಟ ಹಾರಿದವು. ಎಲ್ಲೋ ಒಂದು ಕಡೆ "ಟೊಪ್" ಎಂಬ ಸದ್ದು, ತೆಂಗಿನಕಾಯಿ ಬಾವಿಗೆ ಬಿದ್ದ ಹಾಗೆ. ಕುರುಡಿ. ಇಂಗ್ಲಿಷಿನವರ ಸೀಬಾಸ್. ಅದು ಕಚ್ಚುವುದಿಲ್ಲ, ಬಾಯಿ ತೆರೆದು ನೀರಿನ ಸಮೇತ ಹೀರಿಬಿಡುತ್ತದೆ. ಆ ಸದ್ದು ಅದರದ್ದೇ. ಅಳಿಯ ಕೆಸರಿನ ಅಂಚು ತೋರಿಸಿದ. ಎಸೆದೆ. ಎಸೆದದ್ದು ಚೆನ್ನಾಗೇನೂ ಇರಲಿಲ್ಲ, ಹರಿವೇ ಅದನ್ನು ಸರಿಯಾದಲ್ಲಿಗೆ ಒಯ್ದಿತು. ರೀಲು ಗಿರ್ರೆಂದಿತು. ಮೀನು ಮೊಳದಷ್ಟು ಮೇಲಕ್ಕೆ ಹಾರಿ, ತಲೆ ಕೊಡವಿ, ಬೆಳ್ಳಿಯ ತಟ್ಟೆಯಂತೆ ಅಡ್ಡಬಿತ್ತು. ಹತ್ತು ನಿಮಿಷವೋ ಮೂರೋ, ಲೆಕ್ಕ ಸಿಗಲಿಲ್ಲ. ಕಡೆಗೆ ಅಳಿಯ ಕೈಬಲೆ ಒಡ್ಡಿ ಎತ್ತಿದ. ಕಿವಿರಿನ ಮುಚ್ಚಳ ಬ್ಲೇಡಿನಂತೆ ಕುಯ್ಯುತ್ತದೆ ಎಂದು ನನ್ನನ್ನು ಮುಟ್ಟಗೊಡದೆ ಕೆಳದವಡೆ ಹಿಡಿದು ತೂಗಿದ: ಒಂದು ಕಿಲೋ ಮುನ್ನೂರು.

"ಬಿಡ್ಬೇಕು" ಎಂದ. ಎರಡು ಕಿಲೋದೊಳಗಿನ ಕುರುಡಿಯನ್ನು ಮರಳಿ ಬಿಡುವುದು ಅವನು ತಾನೇ ಹಾಕಿಕೊಂಡ ಕಟ್ಟಳೆ. ಈ ಮೀನು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಸಣ್ಣದನ್ನೆಲ್ಲ ತಿಂದರೆ ಹೆಣ್ಣು ಎಲ್ಲಿಂದ ಬರಬೇಕು ಎಂಬುದು ಅವನ ವಾದ.

"ಪೇಟೆಯಲ್ಲಿ ಇದಕ್ಕೆ ಎಷ್ಟು ಸಿಗ್ತದೆ ಗೊತ್ತಾ ಸರ್ಗೆ?" ಎಂದರು ಮಾವ, ನನ್ನನ್ನು ನೋಡಿ.

"ಮಾವ, ಇದನ್ನು ಬಿಟ್ರೇ ನಾಡಿದ್ದು ಇನ್ನೊಬ್ಬರು ಬರೂದು."

"ಮೀನು ಬಿಡುಕೆ ದುಡ್ಡು ಕೊಡ್ತ್ರು. ಬರ್ಲಿ."

ಅಳಿಯ ಮೀನನ್ನು ನೀರಿನಲ್ಲಿ ಹರಿವಿಗೆ ಎದುರಾಗಿ ಹಿಡಿದು ನಿಂತ. ಅದು ಎರಡು ಸಲ ಕಿವಿರು ತೆರೆದು, ಬಾಲ ಒಮ್ಮೆ ಆಡಿಸಿ, ಅವನ ಮುಖಕ್ಕೆ ನೀರು ಚಿಮ್ಮಿ ಹೋಯಿತು. ಮಾವ ಬಕೆಟ್ಟಿನ ಕಾಣೆಗಳನ್ನು ಸ್ವಲ್ಪ ಸದ್ದು ಮಾಡಿಯೇ ಐಸಿನ ಡಬ್ಬಿಗೆ ಸುರಿದರು.

ಪಡುಗಾಳಿ ಎದ್ದಿತು. ನೀರಿನ ಮೇಲೆ ಸುಕ್ಕು ಓಡಿಬಂತು. ಹೊರಡುವ ಮುನ್ನ ಮಾವ ಹಿಂಬದಿಯ ದಾರಕ್ಕೆ ಕೈ ಹಾಕಿದರು. ಅದರ ನೆನಪೇ ನನಗಿರಲಿಲ್ಲ. ಎರಡು ಬೆರಳಲ್ಲಿ, ನಿದ್ದೆಯ ಮಗುವಿನ ಕೈಕೆಳಗಿನಿಂದ ತೋಳು ತೆಗೆಯುವಷ್ಟು ಮೆಲ್ಲಗೆ ಎತ್ತುತ್ತ ಬಂದರು. ದಾರದ ತುದಿಯಲ್ಲಿ ಅಂಗೈಯಗಲದ ಕರಿ ಏಡಿ, ಎರಡೂ ಚಿಮಟಿಯಲ್ಲಿ ಮೀನಿನ ತಲೆ ಅಪ್ಪಿಕೊಂಡು, ಯಾರಿಗೂ ಕೊಡೆ ಎಂಬಂತೆ ನೇತಾಡುತ್ತಿತ್ತು. ಅಲ್ಲಿ ಗಾಳವೇ ಇರಲಿಲ್ಲ.

"ಇವಂಗೆ ಗಾಳ ಬೇಡ" ಎಂದರು ಮಾವ. "ಬಿಟ್ರೆ ಬದುಕ್ತಾನೆ. ಬಿಡೂದಿಲ್ಲ."

ದೋಣಿಯ ಅಂಚು ದಾಟಿದ್ದೇ ಅದು ಬಿಟ್ಟಿತು, ಒಳಗಡೆಗೆ. ಧೊಪ್ಪೆಂದು ಬಿದ್ದು, ಎರಡು ಸುತ್ತು ಹಾಕಿ, ನೇರ ನಾನು ಕೂತ ಹಲಗೆಯ ಅಡಿಗೆ ನುಗ್ಗಿತು. ತದಡಿಯ ದಕ್ಕೆ ಮುಟ್ಟುವವರೆಗೆ ಎರಡೂ ಕಾಲನ್ನು ಐಸಿನ ಡಬ್ಬಿಯ ಮೇಲಿಟ್ಟುಕೊಂಡು ಕೂತಿದ್ದೆ.