ಹೂವು ಬಿಡಿ, ಎಲೆ ನೋಡಿ

ರಾಯಚೂರು, ಕೊಪ್ಪಳದ ಕಡೆಯ ಹೊಲ ನೋಡಿದವರಿಗೆ ಸೂರ್ಯಕಾಂತಿ ಎಂದರೆ ಗಿಡಕ್ಕೊಂದೇ ತೆನೆ ಹೊತ್ತು, ಕಾಳು ಕಟ್ಟಿ ಒಣಗುವ ಬೆಳೆ. ಅಮೆರಿಕದಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರ ಹಿತ್ತಲಲ್ಲಿ, ಯಾರೂ ಬಿತ್ತದೆ ವರ್ಷವರ್ಷವೂ ಆಳೆತ್ತರ ಮೀರಿ ಬೆಳೆದು, ಸೆಪ್ಟೆಂಬರಿನಲ್ಲಿ ಮೈತುಂಬ ಸಣ್ಣ ಹಳದಿ ಹೂ ಬಿಡುವ ಗಿಡ ಅವರನ್ನು ತಬ್ಬಿಬ್ಬು ಮಾಡುವುದು ಸಹಜ. ಇದೂ ಸೂರ್ಯಕಾಂತಿಯೇ, ಆದರೆ ಬಹುವಾರ್ಷಿಕ. ಚಳಿಗೆ ಮೇಲಿನದೆಲ್ಲ ಸತ್ತರೂ ಬುಡ ಸಾಯುವುದಿಲ್ಲ. ಹೀಲಿಯಾಂಥಸ್ ಕುಲದ ತವರು ಉತ್ತರ ಅಮೆರಿಕ. ಅದರ ಜಾತಿಗಳಲ್ಲಿ ಹೆಚ್ಚಿನವು ಇಂಥವೇ.

ಗುರುತು ಹಿಡಿಯಲು ಎಲ್ಲರೂ ಹೂವಿನ ಫೋಟೊ ತೆಗೆಯುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ಈ ಬಳಗದ ಹೂಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಗುಟ್ಟಿರುವುದು ಎಲೆ, ಕಾಂಡ, ಬೇರುಗಳಲ್ಲಿ.

ಎಲೆ ಅಗಲವಾಗಿ, ಮುಟ್ಟಿದರೆ ಒರಟಾಗಿ, ಬುಡದ ಬಳಿಯಿಂದ ಮೂರು ನರ ಎದ್ದು ಕಾಣುತ್ತಿದ್ದರೆ, ಕೆಳಗಿನ ಎಲೆಗಳು ಎದುರುಬದುರಾಗಿ, ಮೇಲಿನವು ಒಂದು ಬಿಟ್ಟು ಒಂದು ಇದ್ದರೆ ಜೆರುಸಲೇಮ್ ಆರ್ಟಿಚೋಕ್ ಇರಬಹುದು. ಖಾತ್ರಿಯಾಗಲು ಶರತ್ಕಾಲದ ಕೊನೆಗೆ ಬುಡ ಅಗೆಯಬೇಕು. ಶುಂಠಿಯ ಹಾಗೆ ಗಂಟುಗಂಟಾದ ಗಡ್ಡೆ ಸಿಕ್ಕರೆ ಅನುಮಾನ ಬಹುಮಟ್ಟಿಗೆ ತೀರಿತು. ಮೂಲನಿವಾಸಿಗಳು ಇದನ್ನು ಬೆಳೆಯುತ್ತಿದ್ದುದನ್ನು ಫ್ರೆಂಚ್ ಅನ್ವೇಷಕ ಶಾಂಪ್ಲೇನ್ 1605ರಲ್ಲಿ ಕೇಪ್ ಕಾಡ್ ತೀರದಲ್ಲಿ ಕಂಡಿದ್ದ. ಗಡ್ಡೆಯಲ್ಲಿರುವುದು ಪಿಷ್ಟವಲ್ಲ, ಇನ್ಯುಲಿನ್. ಅದು ಕರುಳಿನಲ್ಲಿ ಹುದುಗಿ ವಾಯು ಎಬ್ಬಿಸುತ್ತದೆ. ಆಲೂಗಡ್ಡೆ ಎಂದುಕೊಂಡು ಬಾಣಲೆ ತುಂಬ ಪಲ್ಯ ಮಾಡಿ ನೆಂಟರಿಗೆ ಬಡಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಎಲೆ ಕಿರಿದಾಗಿ, ನಡುನರದುದ್ದಕ್ಕೂ ಮಡಿಚಿ ಕುಡುಗೋಲಿನಂತೆ ಬಾಗಿದ್ದರೆ ಅದು ಮ್ಯಾಕ್ಸಿಮಿಲಿಯನ್ ಸೂರ್ಯಕಾಂತಿ. 1832ರಿಂದ 1834ರವರೆಗೆ ಅಮೆರಿಕದಲ್ಲಿ ಸಂಚರಿಸಿದ ಜರ್ಮನ್ ರಾಜಕುಮಾರನ ಹೆಸರು ಅದಕ್ಕಿದೆ. ಕಾಂಡದ ಮೇಲ್ಭಾಗದುದ್ದಕ್ಕೂ ಎಲೆಯ ಕಂಕುಳಲ್ಲಿ ಹೂ ಬಿಡುವುದು ಇದರ ಚಾಳಿ. ಕಾಂಡ ನುಣುಪಾಗಿ ಕೆಂಪು ಛಾಯೆಯಿದ್ದು, ಎಲೆಯಂಚು ಗರಗಸದ ಹಲ್ಲಿನಂತಿದ್ದರೆ ಸಾಟೂತ್ ಸೂರ್ಯಕಾಂತಿ. ಹೂವಿನ ನಡುಭಾಗ ಕಡುಗಂದಾಗಿ, ಎಲೆ ತೀರ ಸಪೂರವಾಗಿದ್ದರೆ ಅಮೆರಿಕದ ಆಗ್ನೇಯ ರಾಜ್ಯಗಳ ಜೌಗಿನ ಜಾತಿ. ಇವು ಒಂದಕ್ಕೊಂದು ಬೆರೆತು ಮಿಶ್ರತಳಿಗಳೂ ಹುಟ್ಟುವುದರಿಂದ ಸಸ್ಯಶಾಸ್ತ್ರಜ್ಞರೂ ತಡವರಿಸುತ್ತಾರೆ.

ಸೂರ್ಯಕಾಂತಿಯ ವೇಷದ ಬೇರೆ ಗಿಡಗಳೂ ಇವೆ. ಚೌಕ ಕಾಂಡವನ್ನು ಎಲೆಜೋಡಿ ಬಟ್ಟಲಿನಂತೆ ಸುತ್ತಿ ಮಳೆನೀರು ಹಿಡಿದಿದ್ದರೆ ಅದು ಕಪ್ ಪ್ಲಾಂಟ್. ಎಲೆ ಆಳವಾಗಿ ಸೀಳಿ, ಎಸಳು ಇಳಿಬಿದ್ದು, ನಡುವೆ ಹಸಿರು ಗುಬುಟು ಉಬ್ಬಿದ್ದರೆ ರುಡ್ಬೆಕಿಯ. ನಮ್ಮ ಮಲೆನಾಡು, ಕೊಡಗಿನ ರಸ್ತೆ ಬದಿಯಲ್ಲಿ ಮಳೆಗಾಲ ಮುಗಿದ ಮೇಲೆ ಹಳದಿ ಹೊದೆಯುವ ಎತ್ತರದ ಪೊದೆ ಕೂಡ ನಿಜವಾದ ಸೂರ್ಯಕಾಂತಿಯಲ್ಲ. ಮೆಕ್ಸಿಕೊ ಕಡೆಯಿಂದ ಬಂದ ಟಿಥೋನಿಯ. ಅದರ ಎಲೆಗೆ ಮೂರರಿಂದ ಐದು ಹಾಲೆ, ಹೂತೊಟ್ಟು ತಲೆಯ ಕೆಳಗೆ ಊದಿಕೊಂಡು ಟೊಳ್ಳಾಗಿರುತ್ತದೆ. ಸೊಪ್ಪು ಒಳ್ಳೆಯ ಹಸಿರೆಲೆ ಗೊಬ್ಬರ.

ಹೆಸರು ಕೇಳಲು ಫೋಟೊ ಕಳಿಸುವವರು ಬುಡದ ಎಲೆ, ತುದಿಯ ಎಲೆ, ಕಾಂಡ, ಹೂವಿನ ಹಿಂಬದಿ ಇಷ್ಟನ್ನೂ ಸೇರಿಸಿ. ಗಡ್ಡೆಯ ಜಾತಿಯೆಂದು ಗೊತ್ತಾಗಿ, ಬೇಡವೆನಿಸಿದರೆ, ಮಣ್ಣು ಜಾಲಾಡಿ ತೆಗೆಯಿರಿ. ಒಂದು ಚೂರು ಉಳಿದರೂ ಮರುವರ್ಷ ಗಿಡ ಏಳುತ್ತದೆ.