ಮೇಣದಲ್ಲಿ ಕೂತ ಗುಲಗಂಜಿ

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹಾಯುವ ರಾಷ್ಟ್ರೀಯ ಹೆದ್ದಾರಿ 766 ಮುತ್ತಂಗದ ಹೊತ್ತಿಗೆ ಕೇರಳ ಸೇರಿರುತ್ತದೆ. 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯವಾಗಿ ವಾಹನ ಓಡಾಡುವಂತಿಲ್ಲ. ಗೇಟು, ಚೆಕ್‌ಪೋಸ್ಟು ಎಲ್ಲ ನಮಗೆ. ಗುಲಗಂಜಿ ಬಳ್ಳಿಗೆ ಗಡಿಯ ಹಂಗಿಲ್ಲ. ಎರಡೂ ಕಡೆ ಬೇಲಿ, ಪೊದೆಗಳ ಮೇಲೆ ಹಬ್ಬಿ, ಕಾಯಿ ಒಣಗಿ ಬಿರಿದಾಗ ಕಪ್ಪು ಮೂತಿಯ ಕೆಂಪು ಕಾಳು ತೋರಿಸುತ್ತದೆ.

ಗಡಿಯಾಚೆ ವಯನಾಡಿನ ಪಣಿಯ ಬುಡಕಟ್ಟಿನ ಹೆಂಗಸರು ಈ ಕಾಳಿನಿಂದ ‘ತೋಡ’ ಎಂಬ ಕಿವಿಯ ಒಡವೆ ಮಾಡಿಕೊಳ್ಳುತ್ತಾರೆ. ಕೇದಗೆ ಜಾತಿಯ ಎಲೆಯ ಅಂಚಿನ ಮುಳ್ಳು ಸವರಿ, ಒಣಗಿಸಿ, ಪಟ್ಟಿ ಸೀಳಿ ಬಿಗಿಯಾಗಿ ಸುರುಳಿ ಸುತ್ತುತ್ತಾರೆ. ಸುರುಳಿಯ ಮುಖಕ್ಕೆ ಜೇನುಮೇಣ ಮೆತ್ತಿ, ಅದು ಮೆತ್ತಗಿರುವಾಗಲೇ ಕಾಳುಗಳನ್ನು ಒತ್ತೊತ್ತಾಗಿ ಕೂರಿಸುತ್ತಾರೆ. ಹಿಗ್ಗಿಸಿದ ಕಿವಿಹಾಲೆಯ ತೂತಿನಲ್ಲಿ ಅದು ಭದ್ರವಾಗಿ ನಿಲ್ಲುತ್ತದೆ. ದಾರ ಬೇಡ, ಕೊಂಡಿ ಬೇಡ, ಬೆಸುಗೆಯಂತೂ ಬೇಡವೇ ಬೇಡ.

ಇದರಲ್ಲಿ ನನಗೆ ಜಾಣತನವಾಗಿ ಕಾಣುವುದು ಕಾಳಿಗೆ ತೂತು ಕೊರೆಯದಿರುವುದು. ಗುಲಗಂಜಿಯೊಳಗಿನ ಅಬ್ರಿನ್ ಘೋರ ವಿಷ, ಅದಕ್ಕೆ ಪ್ರತಿವಿಷವಿಲ್ಲ. ಗಟ್ಟಿ ಸಿಪ್ಪೆ ಒಡೆಯದಿದ್ದರೆ ವಿಷ ಒಳಗೇ ಉಳಿಯುತ್ತದೆ. ಸೂಜಿಯಲ್ಲಿ ಕೊರೆದು ಪೋಣಿಸಿದರೆ ಅದಕ್ಕೆ ದಾರಿಯಾಗುತ್ತದೆ, ಕೊರೆಯುವವರಿಗೂ ಅಪಾಯ. ವಿಷದ ಅರಿವಿನಿಂದ ಮೇಣ ಹಿಡಿದರೋ, ಮೇಣ ಕೈಗೆಟುಕಿತೆಂದು ಹಿಡಿದರೋ, ಕಿವಿಯಂತೂ ಸುರಕ್ಷಿತ.

ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದೂ ಇದೇ ಕಾಳಿನಲ್ಲಿ. ಎಂಟು ಕಾಳು ಸೇರಿದರೆ ಹೆಚ್ಚುಕಡಿಮೆ ಒಂದು ಗ್ರಾಂ. ಚಿನ್ನವಿದ್ದವರಿಗೆ ತೂಕದ ಕಲ್ಲಾದದ್ದು ಚಿನ್ನವಿಲ್ಲದವರಿಗೆ ಒಡವೆಯೇ ಆಯಿತು.

ಗಡಿಯ ಈಚೆಯೂ ಬೀಜದ ಒಡವೆಯಿದೆ: ಚಾಮರಾಜನಗರ ಸೀಮೆಯಲ್ಲಿ ಮಲೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಕೊರಳಲ್ಲಿ ರುದ್ರಾಕ್ಷಿ ಇದೆ. ಆದರೆ ಅಂಗಡಿಗೆ ಬರುವ ರುದ್ರಾಕ್ಷಿಯ ಬಹುಪಾಲು ನೇಪಾಳ, ಇಂಡೋನೇಷ್ಯಾದ್ದು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗ ಬುಡಕಟ್ಟಿನ ಹಾಡಿಗಳಲ್ಲಿ, ಹೆಂಗಸರ ಮಣಿಸರವೂ ಈಗ ಹೆಚ್ಚಾಗಿ ಕೊಂಡು ತಂದ ಗಾಜಿನದು, ಪ್ಲಾಸ್ಟಿಕ್ಕಿನದು. ಅಭಿರುಚಿ ಬದಲಾಯಿತು ಎಂದು ಸುಮ್ಮನಾಗುವುದು ಸುಲಭ. ಕಾಡಿನ ಸಾಮಾನು ಒಡವೆಯಾಗಬೇಕಾದರೆ ಮೊದಲು ಕಾಡಿಗೆ ಕೈ ಹಾಕುವ ಹಕ್ಕು ಬೇಕಲ್ಲ!

ಈ ಬೆಟ್ಟದ ದೇವರು ರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಎಂಬುದು ಇಲ್ಲಿನ ಕಥೆ. ಹಾಗಾಗಿ ಅವನು ಇವರಿಗೆ ಭಾವ. ಆ ಭಾವನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರುವುದಕ್ಕೂ ಅಡ್ಡಿ ಬಂತು. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅದರಡಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದು 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾದ ವರ್ಷವೇ. ಬುಡಕಟ್ಟು ಕಲೆ ಉಳಿಸಬೇಕೆಂದು ನಗರದಲ್ಲಿ ಮೇಳ ನಡೆಸುವವರು ಈ ಹಕ್ಕುಪತ್ರದ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ. ಜೇನುಹುಟ್ಟಿನ ಮೇಣ ಸಿಗದೆ ಓಲೆಗೆ ಕಾಳು ಕೂರುವುದಿಲ್ಲ.

ಕೊಳ್ಳುವವರಿಗೊಂದು ಮಾತು. ತೂತು ಕೊರೆದು ಪೋಣಿಸಿದ ಗುಲಗಂಜಿ ಸರ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ. ಮನೆಯಲ್ಲಿ ಈಗಾಗಲೇ ಇದ್ದರೆ ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ಕಾಳು ಅಗಿದದ್ದು ಗೊತ್ತಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.