ಮೈಸೂರು ಕಪ್ ಗೆದ್ದಾಗ ಬಳ್ಳಾರಿ ಹುಡುಗ ಯಾರ ಪರ ಆಡ್ಬೇಕಿತ್ತು?

ರೂಪನಗುಡಿ: 1952–53ರ ಸಂತೋಷ್ ಟ್ರೋಫಿ ಫೈನಲ್ ಬೆಂಗಳೂರಿನಲ್ಲಿ ನಡೆಯಿತು. ಮೈಸೂರು ತಂಡ ಬಂಗಾಳವನ್ನು 1–0ರಿಂದ ಸೋಲಿಸಿ ಕಪ್ ಎತ್ತಿತು. ಈಗ ಅದನ್ನ ಕರ್ನಾಟಕದ ಗೆಲುವು ಅಂತ ಲೆಕ್ಕ ಹಿಡಿಯುತ್ತೇವೆ. ಆದರೆ ಅವತ್ತು ಬಳ್ಳಾರಿಯಲ್ಲಿ ಕಾಲೇಜು ಓದುತ್ತಾ ಫುಟ್‌ಬಾಲ್ ಆಡುತ್ತಿದ್ದ ಹುಡುಗನಿಗೆ ಗೆದ್ದದ್ದು ಪಕ್ಕದ ರಾಜ್ಯ. ಯಾಕಂದ್ರೆ ನಮ್ಮ ಜಿಲ್ಲೆ ಆಗ ಮೈಸೂರಿನಲ್ಲಿ ಇರಲೇ ಇಲ್ಲ, ಮದ್ರಾಸಿನಲ್ಲಿತ್ತು.

ಇದು ಬರೀ ನಕ್ಷೆಯ ಮಾತಲ್ಲ. ಬಳ್ಳಾರಿಯ ವೀರಶೈವ ಕಾಲೇಜು ಶುರುವಾದದ್ದು 1945ರಲ್ಲಿ. ಅದು ಮದ್ರಾಸ್ ವಿಶ್ವವಿದ್ಯಾಲಯದ ವ್ಯಾಪ್ತಿ. ಕಾಲೇಜು ಆಟಗಾರನ ದಾರಿ ಇಂದಿಗೂ ಹೆಂಗೋ ಅವತ್ತೂ ಹಂಗೇ: ಮೊದಲು ಕಾಲೇಜು ತಂಡ, ಆಮೇಲೆ ಅದೇ ವಿಶ್ವವಿದ್ಯಾಲಯದ ಬೇರೆ ಕಾಲೇಜುಗಳ ಜೊತೆ ಪಂದ್ಯ, ಅಲ್ಲಿ ಕಣ್ಣಿಗೆ ಬಿದ್ದರೆ ವಿಶ್ವವಿದ್ಯಾಲಯದ ತಂಡ. ಅಂದ್ರೆ ಬಳ್ಳಾರಿ ಹುಡುಗ ಪೈಪೋಟಿ ಮಾಡಬೇಕಾದದ್ದು ಬೆಂಗಳೂರು, ಮೈಸೂರಿನವರ ಜೊತೆ ಅಲ್ಲ, ಮದ್ರಾಸ್ ಕಡೆಯ ಹುಡುಗರ ಜೊತೆ. ಮದ್ರಾಸಿಗೆ ಹೋಗಬೇಕಂದ್ರೆ ಬಳ್ಳಾರಿಯಲ್ಲಿ ಮೀಟರ್ ಗೇಜ್ ರೈಲು ಹತ್ತಿ, ಗುಂತಕಲ್ಲಿನಲ್ಲಿ ಇಳಿದು, ಬ್ರಾಡ್ ಗೇಜ್ ಗಾಡಿಗೆ ಬದಲಾಗಬೇಕು. ಕನ್ನಡ ಮಾತಾಡೋ ಬೆಂಗಳೂರಿನ ಸೆಲೆಕ್ಷನ್‌ಗೂ ಇವನಿಗೂ ಸಂಬಂಧವೇ ಇಲ್ಲ.

ಆಗಿನ ಆಟವೂ ಈಗಿನದಲ್ಲ. ಲೆದರ್ ಚೆಂಡು, ಒಳಗೆ ಬ್ಲಾಡರ್, ಮೇಲೆ ಲೇಸ್ ಹೊಲಿಗೆ. ಮಳೆ ಬಂದರೆ ಚೆಂಡು ನೀರು ಕುಡಿದು ಭಾರ ಆಗೋದು, ತಲೆ ಕೊಟ್ಟರೆ ಲೇಸ್ ಹಣೆಗೆ ತರಚೋದು. ನಮ್ಮ ಎರೆ ಮಣ್ಣು ಗೊತ್ತೇ ಇದೆಯಲ್ಲ, ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳೋ ಮುದ್ದೆ. ನಮ್ಮ ದೇಶದ ಬಹಳಷ್ಟು ಪಂದ್ಯಗಳು 70 ನಿಮಿಷದ್ದು. ಬದಲಿ ಆಟಗಾರ ಅನ್ನೋ ಪದ್ಧತಿ ಇನ್ನೂ ಬಂದಿರಲಿಲ್ಲ. ಒಬ್ಬನಿಗೆ ಕಾಲು ಉಳುಕಿದರೆ ಉಳಿದ ಹತ್ತು ಮಂದಿಯೇ ಆಟ ಮುಗಿಸಬೇಕು.

ಬೂಟು? ದೇಶದ ತಂಡದಲ್ಲೇ ಬಹಳ ಮಂದಿ ಬರಿಗಾಲಲ್ಲಿ ಆಡುತ್ತಿದ್ದ ಕಾಲ ಅದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 10–1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚ ಪಾಂಡವರು' ಅಂತ ಹೆಸರಾದ ಐದು ಮುನ್ನಡೆ ಆಟಗಾರರಲ್ಲಿ ಅವರೂ ಒಬ್ಬರು. ಆ ಸೋಲಿನ ನಂತರವೇ ಬೂಟು ಕಡ್ಡಾಯ ಅಂತ ನಿಯಮ ಬಂತು. ಬೂಟು ಕೊಳ್ಳೋ ಶಕ್ತಿ ಇಲ್ಲದ ಹಳ್ಳಿ ಹುಡುಗನಿಗೆ ಇಂಥ ನಿಯಮ ಎಷ್ಟು ದುಬಾರಿ ಅನ್ನೋದನ್ನ ಬೇರೆ ಹೇಳಬೇಕಿಲ್ಲ.

1953ರ ಅಕ್ಟೋಬರ್ 1ಕ್ಕೆ ಎಲ್ಲಾ ಅದಲು ಬದಲಾಯಿತು. ಆಂಧ್ರ ರಾಜ್ಯ ಹುಟ್ಟಿದ ದಿನ ಅದು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನೋ ಜಗಳ ಮಿಶ್ರಾ ಆಯೋಗದ ತನಕ ಹೋಗಿ, ಕೊನೆಗೆ ಮೈಸೂರಿಗೇ ಬಂತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ನಿನ್ನೆವರೆಗೆ ಒಂದೇ ಜಿಲ್ಲೆಯವರಾಗಿ ಆಡಬಹುದಾಗಿದ್ದ ಆದೋನಿ ಹುಡುಗ, ಬಳ್ಳಾರಿ ಹುಡುಗ ಬೆಳಗಾಗೋದರಲ್ಲಿ ಬೇರೆ ಬೇರೆ ರಾಜ್ಯದವರು. ಮೈಸೂರು ಕಪ್ ಗೆದ್ದ ಸೀಸನ್ ಮಾತ್ರ ಅಷ್ಟರಲ್ಲಿ ಮುಗಿದಿತ್ತು.

ರಾಜ್ಯ ಪುನರ್ವಿಂಗಡಣೆ ಆದಮೇಲೆ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ರೈಲೂ ತಿರುಗಿತು ಅನ್ನಿ. ಗುಂತಕಲ್ ಕಡೆ ಅಲ್ಲ, ಹೊಸಪೇಟೆ, ಗದಗ ದಾಟಿ ಹುಬ್ಬಳ್ಳಿ ಕಡೆ. 1967–68ರಲ್ಲಿ ಮೈಸೂರು ಮತ್ತೆ ಸಂತೋಷ್ ಟ್ರೋಫಿ ಗೆದ್ದಾಗ ಅದು ಬಳ್ಳಾರಿಯ ಕಪ್ಪೂ ಆಗಿತ್ತು. ಮರುವರ್ಷ ಇನ್ನೊಮ್ಮೆ ಗೆದ್ದರು. ಅದಾದ ಮೇಲೆ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸುವ ತನಕ, ಬರೋಬ್ಬರಿ 54 ವರ್ಷ ಕಾಯಬೇಕಾಯಿತು.

ಧಾರವಾಡ ಆದಮೇಲೆ 1980ರಲ್ಲಿ ಗುಲ್ಬರ್ಗಾ, 2010ರಲ್ಲಿ ಬಳ್ಳಾರಿಯದೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಗಡಿ ಆಚೆ ಅನಂತಪುರದ್ದೂ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೇ! ಹೆಸರು ಹೆಚ್ಚುಕಮ್ಮಿ ಒಂದೇ, ತಂಡ ಬೇರೆ. ರೂಪನಗುಡಿ ಹೋಬಳಿಯ ಹುಡುಗ ಸೀಟು ಸಿಕ್ಕಿತು ಅಂತ ಅನಂತಪುರದ ಕಡೆ ಸೇರಿದರೆ ಅಲ್ಲಿನ ಜರ್ಸಿ, ಬಳ್ಳಾರಿಯಲ್ಲಿ ಸೇರಿದರೆ ಇಲ್ಲಿನದು. ಮಗ ಚೆಂಡಿನ ಹುಚ್ಚಿನವನಾದರೆ ಅಡ್ಮಿಶನ್ ಫಾರಂ ತುಂಬೋ ಮೊದಲೇ ಕಾಲೇಜು ಯಾವ ವಿಶ್ವವಿದ್ಯಾಲಯದ್ದು, ಕಳೆದ ವರ್ಷ ಫುಟ್‌ಬಾಲ್ ತಂಡ ಕಳಿಸಿದ್ದರಾ ಅಂತ ದೈಹಿಕ ಶಿಕ್ಷಣ ಮೇಷ್ಟ್ರನ್ನ ಕೇಳಿಕೊಳ್ಳಿ.